ಷರಾ

ಜಾಬೋಲಿನ ಹವಾಮಾನ ಕಚೇರಿಯ ತಾರಸಿಗೆ ಹದಿನಾಲ್ಕು ಮೆಟ್ಟಿಲು.
ಗಂಟೆಗೊಮ್ಮೆ ಹತ್ತುತ್ತೇನೆ, ತಲೆವಸ್ತ್ರ ಬಿಗಿದು.
ನೂರಿಪ್ಪತ್ತು ದಿನದ ಗಾಳಿ ಎಂದು ಇದರ ಹೆಸರು.
ಎಣಿಸಿದವರು ಯಾರೋ, ಈಗ ಲೆಕ್ಕ ತಪ್ಪಿದೆ.

ನೀರಿನ ಟ್ಯಾಂಕು: ನಾನೂರು ಮೀಟರು.
ಇಟ್ಟಿಗೆಗೂಡಿನ ಚಿಮಣಿ: ಸಾವಿರದ ಇನ್ನೂರು.
ಅದರಾಚೆ, ಗಾಳಿ ನಿಂತ ಬೆಳಗು ಸಿಕ್ಕರೆ, ಖ್ವಾಜಾ ಬೆಟ್ಟ,
ಬತ್ತಿದ ಹಾಮೂನ್ ಕೆರೆಯ ನಡುವೆ
ಮಗುಚಿಟ್ಟ ಬಾಣಲೆಯ ಹಾಗೆ.

ಕಲಿಸಿದವರು ಉಸ್ತಾದ್ ಶಾಹ್‌ನಜರ್.
‘ಟ್ಯಾಂಕು ಕಾಣುತ್ತಾ?’ ಅಂದರು ಮೊದಲ ದಿನ.
‘ಅಲ್ಲೇ ಇದೆಯಲ್ಲ!’
‘ಇರೋದು ನನಗೂ ಗೊತ್ತು. ಕಾಣುತ್ತಾ?’

ಬಲ್ಲ ಕಣ್ಣು ಸುಳ್ಳುಬುರುಕ, ಅನ್ನುತ್ತಿದ್ದರು,
ಇಲ್ಲದ ಗೆರೆಯನ್ನು ತಾನೇ ಎಳೆದುಕೊಳ್ಳುತ್ತದೆ.
ಚಳಿಗಾಲದ ಮಂಜು ಸಾಧು,
ಎಲ್ಲವನ್ನೂ ಒಂದೇ ಸಮ ಮುಚ್ಚಿ, ಬಿಸಿಲೇರಿದರೆ ಒಪ್ಪಿಸಿ ಹೋಗುತ್ತದೆ.
ಧೂಳು ಹಾಗಲ್ಲ.
ಟ್ಯಾಂಕಿನ ಕಾಲು ಬಿಟ್ಟು ತಲೆ ತಿನ್ನುತ್ತದೆ,
ತಲೆ ಕೊಟ್ಟು ಕಾಲು ಕದಿಯುತ್ತದೆ,
ಹಲ್ಲಿನ ಸಂದಿಯಲ್ಲಿ ಕೆರೆಯ ತಳ
ಕರಕರ ಅನ್ನುತ್ತದೆ.

ಮೊನ್ನೆ ಬುಧವಾರ, ಮಧ್ಯಾಹ್ನ ಎರಡು.
ವಿಮಾನ ಮೇಲಿತ್ತು, ಬರೀ ಸದ್ದು.
ಮಶ್‌ಹದಿನಿಂದ ಬರುತ್ತಿದ್ದರು ಉಸ್ತಾದ್,
ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು.
ಮಾಹ್‌ಬೀಬಿ ಬೆಳಗ್ಗೆಯೇ ಮಾಂಸಕ್ಕೆ ಉರಿ ಇಟ್ಟಿದ್ದಳು.
ವೈರ್‌ಲೆಸ್ಸಿನಲ್ಲಿ ಒಂದೇ ಪ್ರಶ್ನೆ: ಎಷ್ಟು?

ಟ್ಯಾಂಕಿನ ದಿಕ್ಕಿಗೆ ನಿಂತೆ. ಕಣ್ಣುಜ್ಜಿ ನಿಂತೆ.
ಅಲ್ಲೊಂದು ಕಪ್ಪು ಇತ್ತು.
ಇತ್ತೇ?
ಇಪ್ಪತ್ತು ಮೀಟರಿಗೊಂದು ಬೇಲಿಕಂಬ, ಎಣಿಸಿದೆ,
ಹತ್ತು. ಹನ್ನೊಂದನೆಯದು ಗಾಳಿಯ ಪಾಲು.
‘ಇನ್ನೂರು’ ಅಂದೆ.
ಸದ್ದು ತಲೆಯ ಮೇಲೆ ಒಂದು ಸುತ್ತು ಬಂದು
ಜಾಹೆದಾನಿನ ಕಡೆಗೆ ತೆಳ್ಳಗಾಯಿತು.

ರಾತ್ರಿ ಫೋನು. ‘ಎಷ್ಟು ಬರೆದೆ?’
‘ಇನ್ನೂರು.’
‘ಟ್ಯಾಂಕು?’
‘ಕಾಣಲಿಲ್ಲ ಉಸ್ತಾದ್.’
‘ಹೂಂ.’
ಜಾಹೆದಾನಿನ ಬಸ್‌ಸ್ಟ್ಯಾಂಡಿನ ಗದ್ದಲ
ಸ್ವಲ್ಪ ಹೊತ್ತು ಅವರ ಬದಲು ಮಾತಾಡಿತು.
ಆಮೇಲೆ, ಯಾರಿಗೂ ಕೇಳಬಾರದೆಂಬಂತೆ:
‘ಮೇಲಿಂದ ನೋಡಿದೆ, ಪರೀಗುಲ್. ಹೊಸ ಕಣ್ಣು.
ಕೆರೆ ತುಂಬಿತ್ತು.
ದಡದಿಂದ ದಡಕ್ಕೆ ಕೆಂಚು ನೀರು, ತೆರೆ ಮೇಲೆ ತೆರೆ.
ಜೊಂಡಿನ ದೋಣಿ ಒಂದೂ ಇರಲಿಲ್ಲ, ಅಷ್ಟೇ.’

ಬುಧವಾರದ ಪುಟ, ಎರಡು ಗಂಟೆಯ ಸಾಲು.
ಗಾಳಿಯ ವೇಗ ಬರೆದಿದ್ದೇನೆ, ದಿಕ್ಕು ಬರೆದಿದ್ದೇನೆ.
ಕೊನೆಗೆ ಷರಾ ಅಂತ ಒಂದು ಅಂಕಣ.
ಕಂಡದ್ದನ್ನಷ್ಟೇ ಬರೆ ಅಂದವರು ಕಂಡದ್ದು,
ನಾನು ಕಾಣದ್ದು.
ಪೆನ್ನಿನ ಮೂತಿಯ ಧೂಳು ಒರೆಸಿ ಕೂತಿದ್ದೆ.

ಮೂರಾಯಿತು. ಮತ್ತೆ ಮೆಟ್ಟಿಲು.