ಪ್ರಯಾಣ ಎಲ್ಲಿಗೆ

ನೌಬಾದಿನ ಸುರಂಗ ಬಾವಿಯೊಳಗೆ ಬಗ್ಗಿ ನೋಡಿದಳು ಆಕೆ,
ಹಳೆಯ ನೀರಿನ ದಾರಿ ಅಳೆಯಲು ಬಂದಾಕೆ, ಇಂಗ್ರಿಡ್.
ಸೊಂಟಕ್ಕೆ ಟಾರ್ಚು, ಬೆನ್ನಚೀಲದಲ್ಲಿ
ಸೀಲು ಒಡೆಯದ ಆರು ಬಾಟಲಿ.
ಕೆಂಪು ಕಲ್ಲು ಮುಟ್ಟಿ ಕೈ ಒರೆಸಿಕೊಂಡಳು,
ಒರೆಸಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡಳು.

‘ಹೊರಡುವ ಮೊದಲು ತೋಳಿಗೆ ಸೂಜಿ ಹಾಕಿಸಿದೆ,
ಹೆಪಟೈಟಿಸ್ ಎ. ನೀವು?’

ನಕ್ಕೆ. ಗೈಡಿನ ನಗೆ, ಟಿಕೆಟ್ಟಿನ ಜೊತೆ ಪುಕ್ಕಟೆ.
ನನಗೆ ಒಂಬತ್ತಕ್ಕೇ ಆಗಿದೆ ಮೇಡಂ,
ನೀರೇ ಹಾಕಿತು. ಚೀಟಿ ಕೊಡಲಿಲ್ಲ.

ಕಮಠಾಣದ ಮನೆ. ಕಣ್ಣು ಹಳದಿ, ಉಚ್ಚೆ ಕರಿ ಚಹಾ.
ಪಕ್ಕದ ಮನೆ ಖಾಲಾ ಯರ್ಖಾನ್ ಅಂದಳು,
ನಮ್ಮವ್ವ ಮಾರ್ತಾಬಾಯಿ ಕಾಮಣಿ ಅಂದಳು.
ಹೆಸರೆರಡು, ವಾಂತಿ ಒಂದೇ.
ಅರಿಷಿಣದ ಡಬ್ಬಿ ಅಟ್ಟ ಏರಿತು,
ಮನೆಗೆ ಹಳದಿ ನಾನೊಬ್ಬನೇ ಸಾಕು ಅಂತ.
ಪಾದ್ರಿಯ ಪ್ರಾರ್ಥನೆ, ಕಬ್ಬಿನ ಹಾಲು,
ಕೊನೆಗೊಂದು ದಿನ ಬಳೆಚೂರು ಕಾಸಿ
ಮಣಿಕಟ್ಟಿಗೆ ಬರೆ.
ಅವ್ವ ಬಡಿಯದ ಬಾಗಿಲಿಲ್ಲ.
ಇಪ್ಪತ್ತೆರಡನೇ ದಿನ ನಾನು ಖಾರ ಬೇಡಿದೆ.
ಬರೆಯಿಂದ ಏನೂ ಆಗಿರಲಿಲ್ಲ, ಅದು ಈಗ ಗೊತ್ತು.
ತಾನಾಗಿ ಬಂದದ್ದು ತಾನಾಗಿ ಹೋಗಿತ್ತು,
ಕಲೆ ಮಾತ್ರ ಗಡಿಯಾರದ ಕೆಳಗೆ ಉಳಿದಿದೆ.

ನನ್ನ ಜೆಮಿಮಾಗೆ ಈಗ ಹದಿನಾಲ್ಕು.
ಬೀದರಿಗೆ ಬಂದ ಮೇಲೆ ಹುಟ್ಟಿದವಳು, ಕ್ಯಾನಿನ ನೀರಿನವಳು,
ಬೋರಿಂಗಿಗೆ ಬೊಗಸೆ ಒಡ್ಡಿದವಳಲ್ಲ.
ಚೊಕ್ಕ ನೀರು ಕುಡಿಸಿದೆನೆಂದು ಬೀಗುತ್ತಿದ್ದೆ.
ಡಾಕ್ಟರು ಹೇಳಿದರು: ಸಣ್ಣವರನ್ನು ಮುಟ್ಟಿ ಬಿಡುತ್ತದೆ,
ಬೆಳೆದವರನ್ನು ಹಿಡಿದು ಅಲ್ಲಾಡಿಸುತ್ತದೆ.
ಬೇಸಿಗೆ ರಜೆ ಎದುರಿಗಿತ್ತು,
ಕಮಠಾಣದಲ್ಲಿ ಪೈಪು ಒಡೆದು ಮೋರಿಗೆ ಬಿದ್ದಿತ್ತು,
ತಮ್ಮನ ಮಗನ ಕಣ್ಣು ಆಗಲೇ ಹಳದಿ.

ರಿಜಿಸ್ಟರು ತೆಗೆದಳು ಸಿಸ್ಟರ್ ನೀಲಗಂಗಾ.
‘ಪ್ರಯಾಣ ಎಲ್ಲಿಗಿ ಬರೀಲ್ರಿ? ದುಬೈ? ಮಸ್ಕತ್ತು?’
ಈ ಸೂಜಿ ಕೇಳಿ ಬರುವವರು
ವಿಮಾನ ಹತ್ತುವವರೇ ಅಂತೆ.
‘ಕಮಠಾಣ.’
ಪೆನ್ನು ನಿಂತಿತು.
‘ಇಲ್ಲೇ ಬಗಲಾಗಿಂದ?’
‘ಹೌದ್ರಿ. ಅವರಜ್ಜಿ ಮನಿ. ಇಕಿಗಿ ಅದು ಫಾರಿನ್ನು.’

ಹತ್ತು ದಿನದ ಗೈಡುಗಿರಿ ಒಂದು ಸಣ್ಣ ಶೀಶೆಯಾಗಿ
ತೋಳಿನಲ್ಲಿ ಇಳಿಯಿತು. ಹುಡುಗಿ ಚಿಟ್ಟನೆ ಚೀರಲೂ ಇಲ್ಲ.
ಎರಡನೆಯದಕ್ಕೆ ಆರು ತಿಂಗಳು.
‘ಇದು ಒಂದೇ ರೋಗಕ್ಕರೀ, ನೀರಿನ್ಯಾಗ ಭಾಳ ಅವ’
ಅಂದಳು ಸಿಸ್ಟರ್, ಹತ್ತಿ ಒತ್ತುತ್ತ.

ಮೇ ತಿಂಗಳ ಮಧ್ಯಾಹ್ನ, ಬಸ್ಸಿಳಿದು ಬಂದ ಧೂಳು.
ಅವ್ವ ಹೊಸ್ತಿಲಲ್ಲಿ ಚೆಂಬು ಚಾಚಿದಳು.
ಮಗಳು ನನ್ನ ಮುಖ ನೋಡಿದಳು,
ನಾನು ಚೆಂಬು ನೋಡಿದೆ,
ಅವ್ವ ನನ್ನ ಮಣಿಕಟ್ಟು ನೋಡಿ ಅಂದಳು:
‘ಕುಡಿಸು. ಈ ಸಲ ನೀರು ಕಾಸೀನಿ.’