ಹೆಗಲಿನ ಅಳತೆ

ಕಾರವಾರದಲ್ಲಿ, ಕಾಜೂಬಾಗದ ಕಡೆ ತಿರುಗುವಲ್ಲಿ,
ದತ್ತಾರಾಮ ಪೆಡ್ನೇಕರರ ಕೋವಿ ಅಂಗಡಿ.
ಒಳಗೆ ಸೀಮೆಎಣ್ಣೆ, ಹಳೇ ತೊಗಲು, ಅಗರಬತ್ತಿ ವಾಸನೆ.
ನನ್ನ ಹಿಂದೆ ಗಂಡಸರು ಯಾರಾದರೂ ಬರುತ್ತಾರೇನೋ ಎಂದು
ಬಾಗಿಲ ಕಡೆ ಎರಡು ಸಲ ನೋಡಿದರು.
ಯಾರೂ ಬರಲಿಲ್ಲ.
ಲೈಸೆನ್ಸು ಬಿಚ್ಚಿ ಓದಿದೆ:
ದೇವಮ್ಮ ಕೋಂ ಹಮ್ಮಣ್ಣ ನಾಯಕ, ಶೆಟಗೇರಿ, ಬೆಳೆ ರಕ್ಷಣೆ.
ಗಂಡನ ಹೆಸರು ಬಾಯಲ್ಲಿ ಹೇಳಿದ್ದು ಅದೇ ಮೊದಲು.
ಆಮೇಲೆ ರೂಢಿಯಾಯಿತು.

“ಯಾವುದಕ್ಕೆ ಬೇಕು?”
ಶೇಂಗಾ ಗದ್ದೆಗೆ ನವಿಲು ಇಳಿಯುತ್ತವೆ, ಅಂದೆ.
ಅವರು ಎರಡೂ ಕಿವಿ ಮುಚ್ಚಿಕೊಂಡರು.
ಹೊಡೆಯಲಿಕ್ಕಲ್ಲ ಮಾರಾಯರೆ, ಸದ್ದಿಗೆ.
ಜೈಲಿನ ಅನ್ನ ತಿನ್ನುವ ವಯಸ್ಸಲ್ಲ ನನ್ನದು.
ಹಂದಿ ಬಂದ ರಾತ್ರಿಯ ಮಾತು ಬೇರೆ;
ಅದಕ್ಕೂ ಅರ್ಜಿ ಕೊಟ್ಟಿದ್ದೇನೆ.

ಮೇಜಿನ ಮೇಲೆ ಮೂರು ಇಟ್ಟರು.
ನಳಿಗೆಯ ಉದ್ದ ಹೇಳಿದರು, ಬಾಯಿಯ ಬಿಗಿ ಹೇಳಿದರು,
ಕಾಳು ಹರಡುವ ಬಗೆ ನನಗೆ ತಿಳಿಯಲೆಂದು
ಬೆರಳು ಅಗಲಿಸಿ, ಕೂಡಿಸಿ, ಮತ್ತೆ ಅಗಲಿಸಿದರು.
“ನಂಬರು ಏರಿದಷ್ಟೂ ಕಾಳು ಸಣ್ಣದಮ್ಮಾ,
ಒಂಬತ್ತು ಅಂದರೆ ಸಾಸಿವೆ, ನಾಲ್ಕು ಅಂದರೆ ಕಾಳುಮೆಣಸು.”
ನಾನು ಸುಮ್ಮನೆ ಕೇಳಿದೆ.

ಮೂವತ್ತು ವರ್ಷದ ಹಿಂದೆ, ಹೇಳುವವರು ಕೇಳುವವರು ಇಲ್ಲದಾಗ,
ಹಮ್ಮಣ್ಣ ನಸುಕಿನಲ್ಲಿ ಬೈನೆಮರಕ್ಕೆ ಬೆನ್ನು ಕೊಟ್ಟು ಕೂತು
ಎಲೆ ಮಡಚಿ ತುಟಿಗಿಟ್ಟು ಕಾಡುಹುಂಜವನ್ನು ಕರೆಯುತ್ತಿದ್ದ.
ಹೇಂಟೆಯ ಸ್ವರ ಎಷ್ಟು ಮೆತ್ತಗೆ ಬರುತ್ತಿತ್ತು ಅವನಿಗೆ!
ಮನೆಯಲ್ಲಿ ನನ್ನನ್ನು ಕರೆಯುವಾಗ ಮಾತ್ರ ಕೂಗುತ್ತಿದ್ದ.

ತಂದದ್ದು ಅವನು. ಪುಕ್ಕ ಕಿತ್ತದ್ದು ನಾನು.
ಬಿಸಿನೀರಲ್ಲಿ ಅದ್ದಿ, ಚರ್ಮದ ಮೇಲೆ ಬೆರಳಾಡಿಸಿದರೆ
ಎಷ್ಟು ಮಾರು ದೂರ, ಯಾವ ನಂಬರು, ಎಲ್ಲ ಗೊತ್ತಾಗುತ್ತಿತ್ತು.
ಕುತ್ತಿಗೆಯಲ್ಲೇ ಐದಾರು ಒತ್ತಾಗಿ ಕೂತಿದ್ದರೆ ಗುರಿ ನೆಟ್ಟಗೆ.
ತೊಡೆಯ ತನಕ ಚದುರಿದ್ದರೆ ಅವಸರ ಮಾಡಿದ್ದಾನೆ.
ಆಚೆ ಜಗಲಿಯಲ್ಲಿ ಅವನು ಬೇರೆಯೇ ಕಥೆ ಹೇಳುತ್ತಿದ್ದ.
ನನ್ನ ಬೆರಳಿಗೂ ತಪ್ಪಿದ ಒಂದು ಕಾಳು
ಸಾರಿನಲ್ಲಿ ನನಗೇ ಸಿಕ್ಕಿತು;
ಎಡದವಡೆಯ ಹಲ್ಲು ಇನ್ನೂ ಅರ್ಧವೇ.

ಮೊದಲನೆಯದು ಎತ್ತಿದೆ. ಮೂತಿ ಭಾರ.
ಎರಡನೆಯದರ ಹಿಡಿ ಹೆಗಲಿಗೆ ತಾಗಿದರೆ
ಬೆರಳು ಕುದುರೆಗೆ ಮುಟ್ಟಲಿಲ್ಲ.
ಹಮ್ಮಣ್ಣನದೂ ಹಾಗೇ; ಒಮ್ಮೆ ಅದು ಒದ್ದ ನೀಲಿ
ರವಿಕೆಯ ಒಳಗೆ ಹದಿನೈದು ದಿನ ಇತ್ತು.
ಮೂರನೆಯದು ಹಳೇ ಜೋಡಿ ನಳಿಗೆ,
ಹಳಿಯಾಳದ ಯಾರೋ ಗಿಡ್ಡ ಸಾಹುಕಾರರದ್ದಂತೆ,
ಹಿಡಿಯನ್ನು ಒಂದಿಂಚು ಕೊಯ್ಸಿದ್ದಾರೆ.
“ಇದನ್ನು ಯಾರೂ ಒಯ್ಯುವುದಿಲ್ಲ,” ಎಂದರು ಪೆಡ್ನೇಕರರು, ನಾಚಿಕೊಂಡು.
ಎತ್ತಿದೆ.
ಕೆನ್ನೆ ತಾನಾಗಿ ಮರಕ್ಕೆ ಹೋಯಿತು.
ತುದಿಯ ಹಿತ್ತಾಳೆ ಮಣಿ
ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕನೇ ತಾರೀಕಿನ ಮೇಲೆ ನಿಂತು
ಅಲುಗಲಿಲ್ಲ.

ಬದಲಿಗೆ ಹಮ್ಮಣ್ಣನ ಕೋವಿ ಕೊಟ್ಟೆ, ಮೇಲೆ ಸ್ವಲ್ಪ ದುಡ್ಡು.
“ನೆನಪಿಗೆ ಇಟ್ಟುಕೊಳ್ಳುವುದಿಲ್ಲವೆ?”
ಹಲ್ಲು ಇದೆಯಲ್ಲ, ಅಂದೆ.

ನಲವತ್ತು ಹೆಜ್ಜೆ ಅಳೆದು, ಹಳೇ ಪೇಪರು ಕಟ್ಟಿ ಹೊಡೆದೆ.
ಮೊರ ಇಟ್ಟು ಸುತ್ತ ಗೆರೆ ಎಳೆದು ತೂತು ಎಣಿಸಿದೆ:
ಬಲದ ನಳಿಗೆ ಹರಡುತ್ತದೆ, ಎಡದ್ದು ಒಟ್ಟು ಮಾಡುತ್ತದೆ.
ನವಿಲುಗಳು ಹೊನ್ನೆಮರದ ತುದಿಯಿಂದ ನೋಡಿದವು.
ಎರಡು ದಿನ ಬರಲಿಲ್ಲ.
ಮೂರನೇ ದಿನ, ಸದ್ದು ಮುಗಿಯಲೆಂದು ಕಾದು, ಇಳಿದವು.

ಅಷ್ಟರಲ್ಲಿ ಚುನಾವಣೆ. ಇದ್ದವರೆಲ್ಲ ಕೋವಿ ಒಪ್ಪಿಸಬೇಕು.
ಅಂಕೋಲೆಯ ಠಾಣೆಯಲ್ಲಿ ಹವಾಲ್ದಾರ ತಮ್ಮಾಣಿ
ಚೀಟಿ ಕಟ್ಟುವ ಮೊದಲು ಹೆಗಲಿಗೇರಿಸಿ ನೋಡಿದ.
ಮೊಣಕೈ ಪಕ್ಕೆಗೆ ಸಿಕ್ಕಿಬಿತ್ತು.
“ಗಿಡ್ಡ ಆಯ್ತಲ್ರೀ ಇದು.”
ನನಗೆ ಸರಿ ಇದೆ, ಎಣ್ಣೆ ಹಾಕಿ ಇಡು, ಅಂದೆ.
ರಶೀದಿಯಲ್ಲಿ ಅಳತೆ ಬರೆಯಲು ಜಾಗವಿರಲಿಲ್ಲ.