ಬೋಣಿ

ಅರ್ಜಿಯ ಜೊತೆ ನೂರು ಗಂಟೆಯ ಅನುಭವ ಬೇಕಂತೆ,
ಸಹಿ ಬೇಕು, ಮೊಹರು ಬೇಕು.
ಅದಕ್ಕೇ ಆಂಟಾಪ್ ಹಿಲ್‌ನಿಂದ ಬಸ್ಸು ಹಿಡಿದು
ಪರೇಲ್‌ನಲ್ಲಿ ಇಳಿದು
ಹೆಣದ ಗಾಡಿಯೂ ಚಹಾದ ಕಿಟ್ಲಿಯೂ
ಒಂದಕ್ಕೊಂದು ದಾರಿ ಬಿಡುವ ಓಣಿಯಲ್ಲಿ
ದಿನಾ ಆಸ್ಪತ್ರೆಯ ಹಿಂಬಾಗಿಲು ಹೊಗುತ್ತೇನೆ.

ಮೊದಲ ದಿನ ಖುರ್ಷಿದ್ ಮೇಡಂ ಹೇಳಿದ್ದು ಇಷ್ಟೇ:
ಕೈ ಹಿಂದೆ ಕಟ್ಟಿಕೋ.
ಸಹಾಯ ಮಾಡಬೇಡ. ನೋಡು.

ನೋಡಿದೆ.
ಬ್ಯಾಂಕಿನ ಪ್ಯೂನ್ ಒಬ್ಬ, ಅಂಗಿಯ ಮೂರನೇ ಗುಂಡಿ,
ಹನ್ನೊಂದು ನಿಮಿಷ.
ನನ್ನ ಬೆನ್ನ ಹಿಂದೆ ಹತ್ತು ಬೆರಳೂ ಕುಸ್ತಿಗೆ ಬಿದ್ದಿದ್ದವು.
ಹನ್ನೆರಡನೆಯದಕ್ಕೆ ಗುಂಡಿ ಹೊಕ್ಕಿತು,
ತಪ್ಪು ಕಾಜಿಗೆ.
ಭಲೇ, ಎಂದರು ಮೇಡಂ.

ಮನೆಯಲ್ಲಿ ಅಣ್ಣ ನಕ್ಕ:
ಮಂದಿ ಗುಂಡಿ ಕಾಯಾಕೂ ಕಾಲೇಜ್ ಅದನ?

ಮೂರನೇ ವಾರ ಬಂದಳು ಹಿರೂಬಾಯಿ ತಾಂಡೇಲ್,
ವರ್ಲಿ ಕೋಳಿವಾಡಾದವಳು.
ಲಕ್ವ ಹೊಡೆದ ಬಲಗೈ ಮಡಿಲಲ್ಲಿ ಬಿದ್ದಿತ್ತು
ಮಾರದೆ ಉಳಿದ ನಿನ್ನೆಯ ಮೀನಿನಂತೆ.
ಹೋಲಿಕೆ ನನ್ನದಲ್ಲ, ಅವಳದೇ.

ಹಲಗೆ ಇಟ್ಟೆವು, ಇಪ್ಪತ್ತೈದು ತೂತು,
ಇಪ್ಪತ್ತೈದು ಗೂಟ.
ಎಡಗೈಯಿಂದ ಒಂದೊಂದೇ ಹಾಕು, ಮಾವಶಿ.
ತೂತಿಗೆ ಗೂಟ ತುಂಬಿದರೆ ದುಡ್ಡು ಯಾರು ಕೊಡುತ್ತಾರೆ,
ಎಂದಳು, ಅರ್ಧ ಬಾಯಿಯಲ್ಲಿ.
ಆಮೇಲೆ ಗೋಡೆಯ ಕಡೆ ನೋಡಿಕೊಂಡು:
ಈ ಕೈಲಿ ಕೊಟ್ಟರೆ ಬೋಣಿ ಆಗುತ್ತದಾ ಪೋರಿ?
ಇದು ತೊಳೆಯುವ ಕೈ.

ನನಗೆ ಗೊತ್ತಿತ್ತು ಅದು.
ಮುನ್ಸಿಪಾಲಿಟಿಯ ಕನ್ನಡ ಶಾಲೆ, ಎರಡನೇ ಇಯತ್ತೆ,
ಹಲಗೇರಿ ಬಾಯಿಯವರು ಅಡಿಪಟ್ಟಿಯನ್ನು
ಅಂಚು ಮಾಡಿ ಹಿಡಿಯುತ್ತಿದ್ದರು
ನನ್ನ ಎಡಗೈ ಗೆಣ್ಣಿಗೆ.
ಬಲಗೈಲಿ ಬರೆದ ನನ್ನ ಕ ಇವತ್ತಿಗೂ
ಬೈಸಿಕೊಂಡವರ ಹಾಗೆ ಬಾಗಿ ನಿಲ್ಲುತ್ತದೆ.

ಬೆನ್ನ ಹಿಂದಿನ ಕೈ ಬಿಚ್ಚಿದೆ.
ಹಿಡಿತ ಗಟ್ಟಿಯಾಗಲೆಂದು ಹಿಸುಕಿಸುವ
ನೀಲಿ ಮೇಣದ ಉಂಡೆಯಿತ್ತು,
ಅದರಲ್ಲಿ ಪಾಪ್ಲೆಟ್ ಮಾಡಿದೆ, ನಾಲ್ಕು.
ನಾಲ್ಕನೆಯದು ಚಪ್ಪಲಿಯ ಹಾಗಿತ್ತು.
ತಗಡಿನ ತಟ್ಟೆಯಲ್ಲಿಟ್ಟು ಅವಳೆದುರು
ಕುಕ್ಕುರುಗಾಲಲ್ಲಿ ಕೂತು ಕೇಳಿದೆ:
ಕಸಾ ದಿಲಾ, ಮಾವಶಿ?

ಉತ್ತರವಿಲ್ಲ. ಫ್ಯಾನು ತಿರುಗಿತು.
ಪಕ್ಕದ ಮೇಜಿನಲ್ಲಿ ಯಾರೋ
ಬಟ್ಟಲಿಂದ ಬಟ್ಟಲಿಗೆ ರಾಜಮಾ ಸುರಿಯುತ್ತಿದ್ದರು.

ಇದಾ ಪಾಪ್ಲೆಟ್? ಕಣ್ಣೆಲ್ಲಿ?
ಕಣ್ಣಿಲ್ಲದ್ದನ್ನ ಯಾರು ಕೊಳ್ತಾರೆ?
ಎಂದವಳೇ ಎಡಗೈ ತೋರುಬೆರಳಿಂದ
ಒತ್ತಿದಳು ಒಂದು ಕಣ್ಣು.
ಇನ್ನೊಂದಕ್ಕೆ. ಮತ್ತೊಂದಕ್ಕೆ.
ಚಪ್ಪಲಿಗೂ ಒಂದು.
ಕಪಾಟಿನ ಹತ್ತಿರ ಮೇಡಂ ಫೈಲು ಹುಡುಕುತ್ತಿದ್ದರು,
ಬಹಳ ಹೊತ್ತು ಒಂದೇ ಫೈಲು.

ಆರುನೂರು.
ನಾನೂರು.
ಹೋಗು ಹೋಗು, ಬರ್ಫದ್ದು ತಿನ್ನು ಹೋಗು!
ನೀರು ಕೇಳಲು ತಡವರಿಸುವ ನಾಲಿಗೆಯಿಂದ
ಬೈಗುಳ ಮಾತ್ರ ಇಡಿಯಾಗಿ ಬಂತು, ಹೊಳೆಯುತ್ತ,
ಈಗಷ್ಟೇ ದೋಣಿಯಿಂದ ಇಳಿದ ಹಾಗೆ.

ಐನೂರ ಇಪ್ಪತ್ತಕ್ಕೆ ಕುದುರಿತು.
ಆಟದ ನೋಟು, ಐನೂರರವು ಎರಡು,
ಚಾಚಿದೆ ನನ್ನ ಎಡಗೈಯಲ್ಲಿ.
ಅವಳು ನೋಟು ನೋಡಲಿಲ್ಲ, ಕೈ ನೋಡಿದಳು.
ನೀನೂನಾ?
ಹೂಂ ಅಂದೆ.

ಎಡಗೈಯಿಂದ ಎಡಗೈ ತೆಗೆದುಕೊಂಡಿತು.
ನೋಟು ಹಣೆಗೆ ಮುಟ್ಟಿಸಿ
ಕುಪ್ಪಸದೊಳಗೆ ತುರುಕಿ
ಚಿಲ್ಲರೆ ಎಣಿಸಿದಳು, ನಿಧಾನ,
ಬೆರಳಿಗೆ ಉಗುಳು ಹಚ್ಚಿ ಹಚ್ಚಿ.

ಸಂಜೆ ನನ್ನ ದಿನಚರಿ ಪುಸ್ತಕದಲ್ಲಿ ಬರೆದೆ:
ಮೀನು ಕೊಂಡೆ. ಅವಧಿ ಒಂದೂವರೆ ಗಂಟೆ.

ಮೇಡಂ ಕೆಂಪು ಶಾಯಿಯಲ್ಲಿ: ಕೈ ಕಟ್ಟಿ ನಿಲ್ಲಲಿಲ್ಲ.
ಅದರ ಕೆಳಗೆ, ಸಣ್ಣಕ್ಷರದಲ್ಲಿ:
ರೋಗಿಯ ಲೆಕ್ಕ ಚುರುಕಾಗಿದೆ.
ಚಿಲ್ಲರೆಯಲ್ಲಿ ಐವತ್ತು ಹೊಡೆದಳು.
ನೀನು ಎಣಿಸಲಿಲ್ಲ.

ಸಹಿ. ಮೊಹರು.
ಇನ್ನು ಬಾಕಿ ಎಪ್ಪತ್ತೊಂದೂವರೆ ಗಂಟೆ.